ಮೊಬೈಲ್ ಕಸಿದಿಟ್ಟರೆ ಸಾಕೆ?

ಮಕ್ಕಳು ಹೊತ್ತುಗೊತ್ತಿಲ್ಲದೆ ಮೊಬೈಲಿನಲ್ಲಿ ಮುಳುಗಿದಾಗ ದೊಡ್ಡವರಿಗೆ ಮೊದಲು ಹೊಳೆಯುವ ಉಪಾಯ ಅದನ್ನು ಕಸಿದಿಡುವುದು. ದಕ್ಷಿಣ ಕೊರಿಯಾ ಇದನ್ನು ಕಾನೂನಿನ ಮೂಲಕವೇ ಮಾಡಿ ನೋಡಿತು. 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆನ್‌ಲೈನ್ ಗೇಮ್ ಆಡಕೂಡದೆಂದು 2011ರಲ್ಲಿ ನಿರ್ಬಂಧ ಹೇರಿತು. ಹಲವು ಮಕ್ಕಳು ದೊಡ್ಡವರ ಗುರುತಿನ ಸಂಖ್ಯೆ ಬಳಸಿ ಆಡಿದರು. ಮೊಬೈಲ್ ಗೇಮ್‌ಗಳಂತೂ ಕಾನೂನಿನ ಹಿಡಿತದಿಂದ ಹೊರಗೇ ಉಳಿದವು. ಕೊನೆಗೆ 2021ರಲ್ಲಿ ಸರ್ಕಾರವೇ ಅದನ್ನು ಕೈಬಿಡಲು ತೀರ್ಮಾನಿಸಿತು. ಮಗು ಪರದೆಯ ಕಡೆಗೆ ಓಡುವುದೇಕೆ ಎಂದು ಕೇಳದ ನಿರ್ಬಂಧ ಹೆಚ್ಚು ದಿನ ಬಾಳುವುದಿಲ್ಲ.

ಆ ಪ್ರಶ್ನೆ ಕೇಳಲು ತಕ್ಕ ಜಾಗ ಶಾಲೆ, ಏಕೆಂದರೆ ತೊಂದರೆಯ ಸುಳಿವು ಅಲ್ಲಿ ಬೇಗ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ಗೇಮಿಂಗ್ ಗೀಳೂ ಸೇರಿದೆ. ಅದನ್ನು ಗುರುತಿಸುವುದು ಆಡಿದ ಗಂಟೆಗಳನ್ನು ಎಣಿಸಿ ಅಲ್ಲ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ನಷ್ಟ ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಇವು ಸಾಮಾನ್ಯವಾಗಿ ಒಂದು ವರ್ಷದಷ್ಟಾದರೂ ಕಂಡುಬಂದಿರಬೇಕು. ತರಗತಿಯಲ್ಲಿ ತೂಕಡಿಕೆ, ಇಳಿದ ಅಂಕ, ಗೆಳೆಯರಿಗೂ ಆಟದ ಮೈದಾನಕ್ಕೂ ಬೆನ್ನು ಹಾಕುವುದು ಇವೆಲ್ಲ ಅಷ್ಟು ದೂರ ಹೋಗುವ ಮುನ್ನವೇ ಶಿಕ್ಷಕರ ಕಣ್ಣಿಗೆ ಬೀಳುತ್ತವೆ. ಆಗ ಮಗುವನ್ನು ಶಾಲೆಯ ಆಪ್ತಸಮಾಲೋಚಕರ ಬಳಿ ಕಳಿಸಬಹುದು. ಅವರು ಉಪದೇಶ ಮಾಡುವುದಿಲ್ಲ. ಯಾವ ಹೊತ್ತಿಗೆ ಫೋನ್ ಎತ್ತಿಕೊಂಡೆ, ಆಗ ಮನಸ್ಸು ಹೇಗಿತ್ತು ಎಂದು ಒಂದು ವಾರ ಬರೆದಿಡಲು ಹೇಳುತ್ತಾರೆ. ಪುಟ ತುಂಬಿದಂತೆ ಪರೀಕ್ಷೆಯ ಭಯವೋ, ಮನೆಯ ಜಗಳವೋ, ಬರಿಯ ಬೇಸರವೋ ಮಗುವಿಗೇ ಕಾಣತೊಡಗುತ್ತದೆ. ಆಮೇಲೆ ಇಬ್ಬರೂ ಸೇರಿ ಒಂದು ಸಣ್ಣ ಬದಲಾವಣೆ ಆರಿಸಿಕೊಳ್ಳುತ್ತಾರೆ: ರಾತ್ರಿ ಫೋನನ್ನು ನಡುಮನೆಯಲ್ಲೇ ಚಾರ್ಜಿಗಿಡುವುದು, ಸಂಜೆ ಒಂದು ಗಂಟೆ ಕಬಡ್ಡಿ.

ಇದು ಹೆತ್ತವರ ಕೆಲಸವಲ್ಲವೇ ಎನ್ನಬಹುದು. ಹೌದು, ಆದರೆ ಬೈಗುಳದ ಭಯವಿರುವ ಕಡೆ ಮಗು ಬಾಯಿ ಬಿಡುವುದಿಲ್ಲ. ಹೆತ್ತವರನ್ನೂ ಕರೆದು ಕೂರಿಸಿ ಮಾತಾಡಿಸುವುದು ಸಮಾಲೋಚನೆಯದೇ ಭಾಗ. ಎಷ್ಟು ಶಾಲೆಗಳಲ್ಲಿ ಸಮಾಲೋಚಕರಿದ್ದಾರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪ್ರತಿ ಶಾಲೆಗೂ ಒಬ್ಬರನ್ನು ನೇಮಿಸುವವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ಲಕ್ಷಣ ಗುರುತಿಸಲು ಶಿಕ್ಷಕರಿಗೆ ತರಬೇತಿ ಕೊಡಬಹುದು, ಸುತ್ತಲಿನ ಶಾಲೆಗಳು ಒಬ್ಬ ಸಮಾಲೋಚಕರನ್ನು ಹಂಚಿಕೊಳ್ಳಬಹುದು. ಶಾಲೆಯ ಕೈಮೀರಿದ ಮಕ್ಕಳಿಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆಂದೇ ಶಟ್ ಕ್ಲಿನಿಕ್ ತೆರೆದಿದೆ; ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಪಾಠ, ಹೋಂವರ್ಕ್, ಗೆಳೆಯರ ಮಾತು ಎಲ್ಲವೂ ಫೋನಿನಲ್ಲಿರುವ ಕಾಲದಲ್ಲಿ ಮಕ್ಕಳು ಕಲಿಯಬೇಕಾದದ್ದು ತಮ್ಮ ಕೈಯನ್ನು ತಾವೇ ತಡೆಯುವುದನ್ನು. ಅದನ್ನು ಕಲಿಸಲು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡನ್ನೂ ಶಾಲೆಯ ಬಜೆಟ್ಟಿನಲ್ಲಿ ಒಂದು ಸಂಬಳವನ್ನೂ ಎತ್ತಿಡಲೇಬೇಕು.