ಹಳೇ ಮನೆ ಕೊಳ್ಳುವ ಮೊದಲು

ತಿರುಪ್ಪೂರಿನಲ್ಲಿ ಬನಿಯನ್ ಕಾರ್ಖಾನೆಗಳು ಬಹಳ. ಕೆಲಸಕ್ಕೆ ದೂರದ ಊರಿನವರು ಬರುತ್ತಾರೆ. ಸಾಲು ಮನೆಗಳಲ್ಲಿ ಬಾಡಿಗೆಗೆ ಇರುತ್ತಾರೆ. ಅಂಥ ಹಳೇ ಮನೆ ಕೊಂಡು ಬಾಡಿಗೆಗೆ ಬಿಡೋಣ ಅಂತ ನಿಮಗೂ ಆಸೆ ಇರಬಹುದು. ಆಸೆ ತಪ್ಪಲ್ಲ. ಮೊದಲು ಲೆಕ್ಕ ಹಾಕಿ.

ಮೂರು ಮನೆ, ಒಂದಕ್ಕೆ ತಿಂಗಳಿಗೆ 3000 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,08,000 ರೂಪಾಯಿ. ಅಷ್ಟೂ ಕೈಯಲ್ಲಿ ಉಳಿಯುತ್ತದೆಯೇ? ಇಲ್ಲ. ಒಂದು ಮನೆ ಎರಡು ತಿಂಗಳು ಖಾಲಿ ಬಿದ್ದರೆ 6000 ಹೋಯಿತು. ಮನೆ ತೆರಿಗೆ ಕಟ್ಟಬೇಕು. ಹೆಂಚು, ವೈರು, ಚರಂಡಿ ರಿಪೇರಿ ಮಾಡಿಸಬೇಕು. ಸಾಲ ಮಾಡಿದ್ದರೆ ಕಂತು ಬೇರೆ.

ಮಳೆ ಬಂದಾಗ ಹೋಗಿ ಮನೆ ನೋಡಿ. ಸೋರುವುದು ಆಗ ಗೊತ್ತಾಗುತ್ತದೆ. ಮೂಲ ಪತ್ರ ಕೇಳಿ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ. ಇಲ್ಲಿ ಅದಕ್ಕೆ ವಿಲ್ಲಂಗ ಅನ್ನುತ್ತಾರೆ. ನೋಂದಣಿಯಾದ ಅಡಮಾನ ಇದ್ದರೆ ಅದರಲ್ಲಿ ಕಾಣುತ್ತದೆ. ಪತ್ರ ತಮಿಳಿನಲ್ಲಿ ಇರುತ್ತದೆ. ತಿಳಿದವರಿಂದ ಪೂರ್ತಿ ಓದಿಸಿ ಕೇಳಿ. ಆಮೇಲೆ ಸಹಿ ಹಾಕಿ.

ತಮಿಳುನಾಡಿನ ಹೊಸ ಬಾಡಿಗೆ ಕಾನೂನು 2019ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಬಾಡಿಗೆ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. ಬಾಯಿಮಾತು ಸಾಲದು.

ಇನ್ನೊಂದು ಮಾತು. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದು ಬಾಡಿಗೆಗೆ ಕೊಡಬೇಡಿ. ಅದರ ಪಕ್ಕದಲ್ಲೇ ಯಾರದೋ ಮಕ್ಕಳು ಮಲಗುತ್ತವೆ.