ಫೀಜಿಲ್ಲ, ಚಹಾ ಉಂಟು: ಕರಿಕೋಟಿನವರ ಶನಿವಾರದ ಸೇವೆ

ದಾವಣಗೆರೆ: ವಕೀಲರ ಕಚೇರಿಯ ಮೆಟ್ಟಿಲು ಹತ್ತುವ ಮುನ್ನ ಜೇಬು ಮುಟ್ಟಿ ನೋಡಿಕೊಳ್ಳುವುದು ನಮ್ಮ ಜನರ ವಾಡಿಕೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಮಂಡಿಪೇಟೆ ಕಡೆಯ ಒಂದು ಗಲ್ಲಿಯ ಮಹಡಿ ಮೇಲಿನ ಕಚೇರಿಗೆ ಶನಿವಾರ ಮಧ್ಯಾಹ್ನ ಮೂರರ ಮೇಲೆ ಹೋಗಿ ನೋಡಿ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಬೆಂಚಿನ ಮೇಲೆ ಹಮಾಲರು, ತರಕಾರಿ ಮಾರುವವರು, ಪಿಂಚಣಿ ನಿಂತುಹೋದ ಅಜ್ಜಿಯರು. ಮೂವರು ವಕೀಲರು, ಒಬ್ಬ ಗುಮಾಸ್ತ. ಫೀಜಿನ ಮಾತೇ ಇಲ್ಲ. ಬಂದವರಿಗೆಲ್ಲ ಅರ್ಧ ಕಪ್ಪು ಚಹಾ!

ಕಚೇರಿಯ ಹೆಸರು ಹಾಕೋಣ ಅಂದರೆ ಹಿರಿಯ ವಕೀಲರು ಕೈ ಮುಗಿದರು. “ಬ್ಯಾಡ ಸ್ವಾಮಿ. ವಕೀಲರು ಜಾಹೀರಾತು ಮಾಡ್ಕೊಬಾರ್ದು ಅಂತ ಬಾರ್ ಕೌನ್ಸಿಲ್ ನಿಯಮ ಐತಿ. ಬಡವರಿಗೆ ನೆರವು ಕೊಡಬೇಕು ಅಂತಾನೂ ಅದೇ ನಿಯಮದಾಗ ಐತಿ. ಎರಡನ್ನೂ ಪಾಲಿಸ್ತೀವಿ, ಅಷ್ಟೇ” ಎಂದರು. ಆದ್ದರಿಂದ ಹೆಸರು ಬರೆದಿಲ್ಲ.

ಖಾಲಿ ಹಾಳೆಗೆ ಹೆಬ್ಬೆಟ್ಟು

ನಾವು ಹೋದ ದಿನ ಜಗಳೂರು ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ಗಂಡನಿಗೆ ಲಾರಿ ಬಡಿದು ಕಾಲು ಮುರಿದು ನಾಲ್ಕು ತಿಂಗಳು. ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಆಸಾಮಿ ಬಂದು, ಪರಿಹಾರ ಕೊಡಿಸ್ತೀನಿ, ಬಂದಿದ್ದರಲ್ಲಿ ನನಗೆ ಕಾಲು ಪಾಲು ಎಂದು ಮೂರು ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದಾನೆ. ಈಗ ಫೋನೂ ಎತ್ತುತ್ತಿಲ್ಲ.

“ಯಕ್ಕಾ, ಅಪಘಾತ ಆಗಿದ್ದು ಯಾವತ್ತು?” ಕಿರಿಯ ವಕೀಲೆ ಮೊದಲು ಕೇಳಿದ್ದು ಇದನ್ನೇ. ಯಾಕೆಂದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಅಪಘಾತವಾದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂದು ಬರೆದಿದೆ. ಈಕೆಗೆ ಉಳಿದಿದ್ದು ಎರಡೇ ತಿಂಗಳು. ಎಫ್‌ಐಆರ್ ನಕಲು, ಗಾಯದ ಸರ್ಟಿಫಿಕೇಟು, ಔಷಧದ ಬಿಲ್ಲುಗಳು... ಚೀಟಿ ಬರೆದುಕೊಟ್ಟರು. ಬರುವ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ವಕೀಲರೇ ಕರಾರು ಮಾಡಿಕೊಳ್ಳುವಂತಿಲ್ಲ, ಇನ್ನು ದಲ್ಲಾಳಿಗೆ ಯಾವ ಹಕ್ಕು ಎಂದೂ ಬಿಡಿಸಿ ಹೇಳಿದರು.

ಇದು ಭಿಕ್ಷೆಯಲ್ಲ

ಮೂವರು ವಕೀಲರು ಎಲ್ಲ ಕೇಸನ್ನೂ ತಾವೇ ನಡೆಸುವುದಾಗದು. ಅರ್ಜಿ ಬರೆದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ದಾರಿ ತೋರಿಸುತ್ತಾರೆ. ಅಲ್ಲಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಸರ್ಕಾರದ ಔದಾರ್ಯವೇ? ಅಲ್ಲ ಸ್ವಾಮಿ, ಹಕ್ಕು! 1976ರ 42ನೇ ತಿದ್ದುಪಡಿಯಲ್ಲಿ ಉಚಿತ ಕಾನೂನು ನೆರವಿನ ಮಾತು ಸಂವಿಧಾನದೊಳಗೆ ಬಂತು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಆಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಪರವಾಗಿ ಪುಷ್ಪಾ ಕಪಿಲಾ ಹಿಂಗೋರಾಣಿ ಎಂಬ ವಕೀಲೆ ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಪ್ರಕರಣ ಎಂದು ಹೆಸರಾದದ್ದು ಅದೇ. ಬಡ ಆರೋಪಿಗೆ ವಕೀಲರನ್ನು ಒದಗಿಸದಿದ್ದರೆ ಅದು ನ್ಯಾಯವೇ ಅಲ್ಲ ಎಂದು ಕೋರ್ಟು ಹೇಳಿತು. 1987ರಲ್ಲಿ ಕಾಯಿದೆಯಾಯಿತು, 1995ರ ನವೆಂಬರ್ 9ರಂದು ಜಾರಿಗೆ ಬಂತು.

ಯಾರಿಗೆಲ್ಲ ಉಂಟು? ಹೆಂಗಸರು ಮತ್ತು ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು. ಇವರಿಗೆ ಆದಾಯದ ಲೆಕ್ಕವೇ ಇಲ್ಲ. ಮಿಕ್ಕವರಿಗೆ ಮಾತ್ರ ಆದಾಯದ ಮಿತಿ. 15100ಕ್ಕೆ ಫೋನು ಮಾಡಿದರೂ ಆಯಿತು, ಕಾಸು ಬೀಳದು.

ಅಂಗಡಿಯವರಿಗೂ ಒಂದು ಮಾತು

ಚೆಕ್ಕು ಬೌನ್ಸ್ ಆದರೆ ಕೈಸಾಲದವನ ಸಿಹಿ ಮಾತು ನಂಬಿ ಕೂರಬೇಡಿ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಹೋಗಬೇಕು. ಅದು ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ಈ ಲೆಕ್ಕ ತಪ್ಪಿ ಕೇಸು ಕಳೆದುಕೊಂಡ ವ್ಯಾಪಾರಿಗಳೂ ಈ ಬೆಂಚಿನ ಮೇಲೆ ಕೂತಿದ್ದುಂಟು. ಇಂಥ ವ್ಯಾಜ್ಯ ಲೋಕ ಅದಾಲತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು. ತೀರ್ಪಿನ ಮೇಲೆ ಅಪೀಲೂ ಇಲ್ಲ. ಆದ್ದರಿಂದ ಒಪ್ಪುವ ಮುಂಚೆ ಎರಡು ಸಲ ಯೋಚಿಸಿ.

ಎಲ್ಲವೂ ಸಿಹಿಯೆಂದೇನೂ ಅಲ್ಲ. ಪುಕ್ಕಟೆ ಕೇಸು ಎಂದರೆ ಮೂಗು ಮುರಿದು ಬರೀ ವಾಯಿದೆ ಕೇಳುವ ವಕೀಲರೂ ಇದ್ದಾರೆ. ಪುಕ್ಕಟೆ ವಕೀಲ ಏನು ವಾದಿಸ್ತಾನೆ ಬಿಡ್ರೀ ಅನ್ನುವ ಜನರೂ ಇದ್ದಾರೆ. ಇವೆರಡರ ನಡುವೆ ಕೊಬ್ಬುವವನು ದಲ್ಲಾಳಿ. ಅವನು ಆಸ್ಪತ್ರೆ ಬಾಗಿಲಿಗೆ ಬರುತ್ತಾನೆ, ಕಾಯಿದೆ ಬರುವುದಿಲ್ಲ! ಆಸ್ಪತ್ರೆಯ ಗೇಟು, ಬಸ್ ನಿಲ್ದಾಣಗಳಲ್ಲಿ 15100 ಎಂದು ದಪ್ಪ ಅಕ್ಷರದ ಒಂದೊಂದು ಬೋರ್ಡು ನಿಲ್ಲಿಸಲು ಎಷ್ಟು ಖರ್ಚಾದೀತು? ಸಂಬಂಧಪಟ್ಟವರು ಗಮನಿಸಲಿ.

ಕತ್ತಲಾಗುತ್ತ ಬಂತು. ಜಗಳೂರಿನ ಹೆಣ್ಣುಮಗಳು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಎಷ್ಟು ಕೊಡ್ಲವ್ವಾ?” ಎಂದು ಕೇಳಿದಳು. “ಮುಂದಿನ ಶನಿವಾರ ಎಫ್‌ಐಆರ್ ನಕಲು ತಗಂಡು ಬಾ ಯಕ್ಕಾ, ಅದೇ ಫೀಜು” ಎಂದರು ವಕೀಲೆ. ಆಕೆ ಬಸ್ಸಿಗೆ ಓಡಿದಳು.