ಸಿಂಹಕ್ಕೂ ತಪ್ಪದ ಉಣ್ಣೆ ಕಾಟ

1994ರ ಆರಂಭ. ತಾಂಜಾನಿಯಾದ ಸೆರೆಂಗೆಟಿ ಬಯಲಿನಲ್ಲಿ ಸಿಂಹಗಳು ಫಿಟ್ಸ್ ಬಂದಂತೆ ನೆಲಕ್ಕುರುಳಿ ಒದ್ದಾಡತೊಡಗಿದವು. ಕೆಲವು ಸಿಂಹಗಳ ಮುಖದ ಸ್ನಾಯುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ಆ ಹಾವಳಿ ತಣ್ಣಗಾಗುವಷ್ಟರಲ್ಲಿ ಅಲ್ಲಿದ್ದ ಸುಮಾರು 3,000 ಸಿಂಹಗಳ ಪೈಕಿ ಮೂರನೇ ಒಂದು ಪಾಲು ಇಲ್ಲವಾಗಿತ್ತು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ನಾಯಿ ಸಾಕುವವರಿಗೆಲ್ಲ ಗೊತ್ತಿರುವ ಡಿಸ್ಟೆಂಪರ್ ವೈರಸ್. ಕಾಡಿನ ಸುತ್ತಲಿನ ಹಳ್ಳಿಗಳ ನಾಯಿಗಳಿಂದ ಅದು ಸಿಂಹಗಳಿಗೆ ದಾಟಿತ್ತು.

ಅಲ್ಲಿಗೆ ಕಡತ ಮುಚ್ಚಬಹುದಿತ್ತು. ಆದರೆ ಸೆರೆಂಗೆಟಿಯ ಸಿಂಹಗಳನ್ನು 1966ರಿಂದಲೂ ವಿಜ್ಞಾನಿಗಳು ಬಿಡದೆ ಗಮನಿಸುತ್ತಿದ್ದಾರೆ. ಹಳೆಯ ರಕ್ತದ ಮಾದರಿಗಳೂ ಅವರ ಬಳಿ ಇದ್ದವು. ಅವನ್ನು ತೆಗೆದು ನೋಡಿದಾಗ ಲೆಕ್ಕ ತಾಳೆಯಾಗಲಿಲ್ಲ. ಅದೇ ವೈರಸ್ ಬೇರೆ ಸಂದರ್ಭಗಳಲ್ಲಿ, ಕನಿಷ್ಠ ಐದು ಬಾರಿ, ಸಿಂಹಗಳ ನಡುವೆ ಹಬ್ಬಿ ಹೋಗಿತ್ತು. ಆಗೆಲ್ಲ ಸಾವು ಹೆಚ್ಚಿದ ಸುಳಿವೇ ಇಲ್ಲ. ಸಿಂಹಗಳು ರಾಶಿರಾಶಿಯಾಗಿ ಸತ್ತದ್ದು ಎರಡೇ ಸಲ: 1994ರಲ್ಲಿ ಸೆರೆಂಗೆಟಿಯಲ್ಲಿ, 2001ರಲ್ಲಿ ಪಕ್ಕದ ಗೊರೊಂಗೊರೊ ಜ್ವಾಲಾಮುಖಿ ಕುಳಿಯಲ್ಲಿ.

ವಿಜ್ಞಾನಿಗಳಾದ ಲಿಂಡಾ ಮನ್ಸನ್, ಕ್ರೇಗ್ ಪ್ಯಾಕರ್ ಮತ್ತು ಸಂಗಡಿಗರು 2008ರಲ್ಲಿ ಇದರ ಗಂಟು ಬಿಡಿಸಿದರು. ಎರಡೂ ಸಾವಿನ ಸರಣಿಗೆ ಮುಂಚೆ ಭೀಕರ ಬರ ಬಂದಿತ್ತು. ಮೇವಿಲ್ಲದೆ ಕಾಡೆಮ್ಮೆಗಳು ಸೊರಗಿದ್ದವು. ಮತ್ತೆ ಮಳೆ ಬಿದ್ದೊಡನೆ ಉಣ್ಣೆಗಳು ಮಿತಿಮೀರಿ ಹೆಚ್ಚಿ, ಬಡಕಲಾದ ಕಾಡೆಮ್ಮೆಗಳ ಮೈಗೆ ಮುತ್ತಿಕೊಂಡವು. ಓಡಲಾಗದ ಎಮ್ಮೆ ಸಿಂಹಕ್ಕೆ ಸಲೀಸು ಊಟ. ಊಟದ ಜೊತೆಗೆ ಉಣ್ಣೆಯೂ ಬಂತು.

ಉಣ್ಣೆ ರಕ್ತ ಹೀರುವಾಗ ಬಬೆಸಿಯಾ ಎಂಬ ಏಕಕೋಶ ಪರಾವಲಂಬಿಯನ್ನು ಒಳಗೆ ಬಿಡುತ್ತದೆ. ಅದು ಕೆಂಪು ರಕ್ತಕಣದೊಳಗೆ ಹೊಕ್ಕು, ಅಲ್ಲೇ ಇಬ್ಭಾಗವಾಗಿ, ಕಣವನ್ನು ಒಡೆದುಕೊಂಡು ಮುಂದಿನ ಕಣಕ್ಕೆ ಲಗ್ಗೆ ಇಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೇ ಕಣದಲ್ಲಿ ಜೋಡಿ ಹನಿಗಳಂತೆ ಕಾಣುವುದುಂಟು. ನಮ್ಮ ಹೈನುಗಾರರಿಗೂ ಇದರ ಬಂಧುಗಳು ಹೊಸಬರಲ್ಲ. ಮಿಶ್ರತಳಿ ಹಸುವಿಗೆ ಜ್ವರ ಏರಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಪಶುವೈದ್ಯರು ಮೊದಲು ಶಂಕಿಸುವುದು ಉಣ್ಣೆಯಿಂದ ಬರುವ ಈ ರೋಗವನ್ನೇ.

ಆರೋಗ್ಯವಂತ ಸಿಂಹದ ರಕ್ತದಲ್ಲಿ ಅಲ್ಪಸ್ವಲ್ಪ ಬಬೆಸಿಯಾ ಇದ್ದೇ ಇರುತ್ತದೆ, ಅದರಿಂದ ಸಿಂಹಕ್ಕೆ ಬಾಧಕವಿಲ್ಲ. ಡಿಸ್ಟೆಂಪರ್ ಬಂದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದಾಗ ಮಾತ್ರ ಅದಕ್ಕೆ ಕಡಿವಾಣ ತಪ್ಪುತ್ತದೆ. ಬರ, ಉಣ್ಣೆ, ವೈರಸ್ ಮೂರೂ ಒಂದರ ಬೆನ್ನಿಗೊಂದು ಕೂಡಿದ್ದರಿಂದಲೇ ಸಾವಿರ ಸಿಂಹಗಳು ಸತ್ತವು.

ಗುಜರಾತಿನ ಗಿರ್ ಅರಣ್ಯದಲ್ಲೂ ಇದೇ ಜೋಡಿ ಕಾಣಿಸಿಕೊಂಡಿತು. 2018ರ ಸೆಪ್ಟೆಂಬರ್ 12ರಿಂದ ಮೂರು ವಾರಗಳೊಳಗೆ ದಲ್ಖಾನಿಯಾ ವಲಯವೊಂದರಲ್ಲೇ 23 ಸಿಂಹಗಳು ಸತ್ತವು. ಮೊದಮೊದಲು ಗಂಡು ಸಿಂಹಗಳ ಕಾದಾಟವೇ ಕಾರಣವೆಂಬ ಮಾತಿತ್ತು. ಮಾದರಿಗಳನ್ನು ಪರೀಕ್ಷಿಸಿದಾಗ ಡಿಸ್ಟೆಂಪರ್ ವೈರಸ್ಸೂ ಉಣ್ಣೆ ತಂದ ಬಬೆಸಿಯಾವೂ ಪತ್ತೆಯಾದವು. ಅಮೆರಿಕದಿಂದ ತುರ್ತಾಗಿ ಲಸಿಕೆ ತರಿಸಿ, ಹಿಡಿದಿಟ್ಟ ಸಿಂಹಗಳಿಗೆ ಹಾಕಲಾಯಿತು.

ಕೆಲವೊಮ್ಮೆ ಪರಾವಲಂಬಿಗೆ ದಾರಿ ಮಾಡಿಕೊಡುವವನು ಮನುಷ್ಯನೇ. 1905ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯ ತೋಳಗಳನ್ನು ನಿರ್ಮೂಲ ಮಾಡಲು ಒಂದು ಉಪಾಯ ಹೂಡಿತು. ತೋಳ, ಕಯೋಟಿಗಳನ್ನು ಹಿಡಿದು, ಕಜ್ಜಿ ಹತ್ತಿಸಿ, ಮರಳಿ ಕಾಡಿಗೆ ಬಿಡುವುದು! ಕಜ್ಜಿಯ ನುಸಿ ಚರ್ಮದಡಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ತುರಿಕೆ ತಾಳದೆ ತೋಳ ತನ್ನ ಮೈಯನ್ನೇ ಕಚ್ಚಿ ಕೆರೆದುಕೊಳ್ಳುತ್ತದೆ, ಕೂದಲು ಉದುರಿ ಹಿಮದ ಚಳಿಗೆ ಬರಿಮೈ ಒಡ್ಡುತ್ತದೆ. ಯೆಲ್ಲೊಸ್ಟೋನ್‌ನಲ್ಲಿ ಪೂರ್ತಿ ಅಳಿದಿದ್ದ ತೋಳಗಳನ್ನು 1995ರಲ್ಲಿ ಕೆನಡಾದಿಂದ ತಂದು ಬಿಟ್ಟಾಗ ಅವಕ್ಕೆ ಕಜ್ಜಿ ಇರಲಿಲ್ಲ. 2007ರ ಹೊತ್ತಿಗೆ ಅಂಟಿಕೊಂಡಿತು.

ಅಲ್ಲಿ ಸಂಶೋಧಕರ ಕಣ್ಣಿಗೆ ಬಿದ್ದ ಸಂಗತಿ ಇನ್ನೂ ಸ್ವಾರಸ್ಯದ್ದು. ಕಜ್ಜಿ ಹತ್ತಿದ ಒಂಟಿ ತೋಳ ಸಾಯುವ ಅಪಾಯ ಆರೋಗ್ಯವಂತ ತೋಳಕ್ಕಿಂತ ಐದು ಪಟ್ಟು ಹೆಚ್ಚು. ಆದರೆ ಗುಂಪಿನಲ್ಲಿ ಐದಾರು ಗಟ್ಟಿ ಸಂಗಾತಿಗಳಿದ್ದರೆ ರೋಗಿ ತೋಳವೂ ಉಳಿದವುಗಳಷ್ಟೇ ಬದುಕುತ್ತದೆ. ರೋಗ ಹರಡುವುದು ಗುಂಪಿನಿಂದ, ರೋಗದಿಂದ ಉಳಿಸುವುದೂ ಗುಂಪೇ.

ಇನ್ನು ಮಧ್ಯಪ್ರದೇಶದ ಕುನೋ ಅರಣ್ಯ. ಆಫ್ರಿಕಾದಿಂದ ತಂದ ಚೀತಾಗಳ ಪೈಕಿ ಮೂರು 2023ರ ಜುಲೈ, ಆಗಸ್ಟ್‌ನಲ್ಲಿ ಬೆನ್ನುಬೆನ್ನಿಗೆ ಸತ್ತವು. ಜೂನ್‌ನಿಂದ ಸೆಪ್ಟೆಂಬರ್ ಆಫ್ರಿಕಾದ ದಕ್ಷಿಣ ಭಾಗಕ್ಕೆ ಚಳಿಗಾಲ. ಅಭ್ಯಾಸಬಲದಿಂದ ಚೀತಾಗಳ ಮೈಯಲ್ಲಿ ಚಳಿಗಾಲದ ದಟ್ಟ ಕೂದಲು ಬೆಳೆಯಿತು. ಕುನೋದಲ್ಲಿ ಆಗ ಸುರಿಯುವ ಮಳೆ, ಜಿಗುಟು ಸೆಕೆ. ತುರಿಕೆಗೆ ಕುತ್ತಿಗೆಯನ್ನು ಮರಕ್ಕೆ ಉಜ್ಜಿಕೊಂಡವು. ರೇಡಿಯೊ ಕಾಲರ್‌ನ ಅಡಿಯಲ್ಲಿ ಒದ್ದೆಯಾಗಿದ್ದ ಚರ್ಮ ತರಚಿತು, ನೊಣ ಮೊಟ್ಟೆಯಿಟ್ಟಿತು, ಗಾಯಕ್ಕೆ ಹುಳ ಬಿತ್ತು, ನಂಜು ರಕ್ತಕ್ಕೇರಿತು. ದನದ ಗಾಯಕ್ಕೆ ಹುಳ ಬಿದ್ದರೆ ಹಳ್ಳಿಯಲ್ಲಿ ಅಂದೇ ಗೊತ್ತಾಗುತ್ತದೆ. ಕಾಡಿನ ಚೀತಾದ ಕಾಲರ್ ಎತ್ತಿ ನೋಡುವವರು ಯಾರು? ಉಳಿದವನ್ನು ಮತ್ತೆ ಹಿಡಿದು ಆವರಣಕ್ಕೆ ತಂದು, ಕಾಲರ್ ತೆಗೆದು ಚಿಕಿತ್ಸೆ ನೀಡಬೇಕಾಯಿತು.

ಅಸಲಿಗೆ ಕುನೋ ಸಜ್ಜಾಗಿದ್ದು ಗಿರ್ ಸಿಂಹಗಳಿಗಾಗಿ. ಎಲ್ಲ ಸಿಂಹಗಳೂ ಒಂದೇ ಕಡೆ ಇದ್ದರೆ ಒಂದೇ ಸಾಂಕ್ರಾಮಿಕಕ್ಕೆ ವಂಶವೇ ಅಳಿದೀತೆಂಬ ಆತಂಕದ ಹಿನ್ನೆಲೆಯಲ್ಲಿ ಕೆಲವನ್ನು ಅಲ್ಲಿಗೆ ಸ್ಥಳಾಂತರಿಸುವಂತೆ ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿತ್ತು. ಒಂದು ಸಿಂಹವೂ ಹೋಗಲಿಲ್ಲ. 2020ರಲ್ಲಿ 674 ಇದ್ದ ಅವುಗಳ ಸಂಖ್ಯೆ 2025ರ ಗಣತಿಯಲ್ಲಿ 891ಕ್ಕೆ ಏರಿದೆ. ಅನೇಕ ಸಿಂಹಗಳು ಅರಣ್ಯದ ಗಡಿ ದಾಟಿ ಹೊಲ, ಹಳ್ಳಿಗಳ ನಡುವೆ ನೆಲೆಸಿವೆ, ದನ ಹಿಡಿಯುತ್ತವೆ, ಊರ ನಾಯಿಗಳು ಓಡಾಡುವ ಜಾಗದಲ್ಲೇ ತಿರುಗುತ್ತವೆ. ಗುಜರಾತ್ ಸರ್ಕಾರ ಎರಡನೇ ನೆಲೆಯೆಂದು ಬೆಳೆಸುತ್ತಿರುವುದು ಬರ್ಡಾ ಅಭಯಾರಣ್ಯವನ್ನು. ಅದೂ ಸೌರಾಷ್ಟ್ರದೊಳಗೇ ಇದೆ. ಗಿರ್‌ಗೆ ಬರ ಬಂದ ವರ್ಷ ಬರ್ಡಾಕ್ಕೂ ಬರುವ ಸಂಭವವೇ ಹೆಚ್ಚು.